ಲಂಗರು ಕಚ್ಚಿತಾ ಅಂತ ನೋಡಿದಿರಾ?

(ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಹಾಯಿದೋಣಿ ನಡೆಸಲು ಕಲಿಯುತ್ತಿರುವ ಕನ್ನಡಿಗರ ಒಂದು ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ದೋಣಿ ಕೊಂಡವರು ಮೊದಲು ಕೇಳುವ ಪ್ರಶ್ನೆ, "ಯಾವ ಲಂಗರು ಒಳ್ಳೇದು?" ಉತ್ತರ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು 1982ರ ಡಿಸೆಂಬರ್‌ನಲ್ಲಿ ಮೆಕ್ಸಿಕೋದ ಕಾಬೊ ಸಾನ್ ಲೂಕಾಸ್‌ನಲ್ಲಿ ನಡೆದದ್ದನ್ನು ಹೇಳಬೇಕು. ಅಲ್ಲಿದ್ದವರಿಗೆ ಲಂಗರಿನ ಕೊರತೆ ಇರಲಿಲ್ಲ, ಅನುಭವದ ಕೊರತೆಯೂ ಇರಲಿಲ್ಲ.

ಕಾಬೊ ಅಂದರೆ ಬಾಹಾ ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯ ಊರು. ಚಳಿಗಾಲದಲ್ಲಿ ಅಲ್ಲಿ ಸಾಮಾನ್ಯವಾಗಿ ಬೀಸುವುದು ವಾಯವ್ಯದ ಗಾಳಿ. ಅದಕ್ಕೆ ನೆಲ ಅಡ್ಡ ನಿಲ್ಲುತ್ತದೆ, ಹಾಗಾಗಿ ಕೊಲ್ಲಿ ಶಾಂತ. ಆದರೆ ಆಗ್ನೇಯಕ್ಕೆ ಬಾಗಿಲು ಪೂರ್ತಿ ತೆರೆದಿದೆ. ಇನ್ನೊಂದು ತೊಂದರೆ ನೀರಿನ ಕೆಳಗಿದೆ. ದಡದ ಹತ್ತಿರ ಮರಳಿನ ಒಂದು ಕಿರಿದಾದ ಪಟ್ಟಿ, ಅದನ್ನು ದಾಟಿದರೆ ನೆಲ ಒಮ್ಮೆಲೇ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಲಂಗರು ಹಾಕಬೇಕಾದವರೆಲ್ಲ ದಡಕ್ಕೆ ಅಂಟಿಕೊಂಡೇ, ಒಬ್ಬರ ಪಕ್ಕ ಒಬ್ಬರು ನಿಂತಿದ್ದರು. ಡಿಸೆಂಬರ್ 8ರ ರಾತ್ರಿ, ಆ ಕಾಲದಲ್ಲಿ ಯಾರೂ ನಿರೀಕ್ಷಿಸದ ಬಿರುಗಾಳಿ ತೆರೆದ ಕಡೆಯಿಂದಲೇ ಬಂತು. ಅಲೆಗಳು ಎದ್ದವು. ಹಿಂದೆ ಕೆಲವೇ ಮಾರು ದೂರದಲ್ಲಿ ದಡ. ಒಂದು ದೋಣಿ ಕಿತ್ತುಕೊಂಡು ಇನ್ನೊಂದರ ಮೇಲೆ ಬಿತ್ತು, ಅದು ಮತ್ತೊಂದರ ಮೇಲೆ. ಬೆಳಗಾಗುವ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ದೋಣಿಗಳು ಮರಳಿನ ಮೇಲಿದ್ದವು.

ಅವುಗಳಲ್ಲಿ ಒಂದು 'ಜೋಶುವಾ'. ಫ್ರೆಂಚ್ ನಾವಿಕ ಬರ್ನಾರ್ಡ್ ಮ್ವಾಟೆಸ್ಸಿಯೆಯ ಉಕ್ಕಿನ ದೋಣಿ, ಸುಮಾರು 12 ಮೀಟರ್ ಉದ್ದ. 1968-69ರಲ್ಲಿ ಜಗತ್ತನ್ನು ಒಬ್ಬರೇ ನಿಲ್ಲದೆ ಸುತ್ತುವ ಮೊದಲ ಸ್ಪರ್ಧೆ ನಡೆಯಿತಲ್ಲ, ಗೋಲ್ಡನ್ ಗ್ಲೋಬ್, ಅದರಲ್ಲಿ ಗುರಿಗೆ ಮರಳುವುದನ್ನು ಬಿಟ್ಟು ತಹೀತಿಯವರೆಗೆ ಹೋದ ದೋಣಿ ಇದೇ. ದಕ್ಷಿಣ ಸಾಗರದ ಅಲೆಗಳು ಏನೂ ಮಾಡಲಾಗದ ದೋಣಿಯನ್ನು ಒಂದು ರಾತ್ರಿಯ ತಂಗುದಾಣ ಮುಗಿಸಿತು. ಹಾಯಿ ಕಟ್ಟುವ ಕೂವೆ ಮುರಿದು, ಒಳಗೆಲ್ಲ ಮರಳು ತುಂಬಿತ್ತು. ಮ್ವಾಟೆಸ್ಸಿಯೆ ಅದನ್ನು 20 ಡಾಲರಿಗೆ ಬಿಟ್ಟುಕೊಟ್ಟರು. ಕೊಂಡವರು ಅದನ್ನು ಮತ್ತೆ ನೀರಿಗಿಳಿಸಿದರು. 1990ರಲ್ಲಿ ಫ್ರಾನ್ಸಿನ ಲಾ ರೊಶೆಲ್ ಸಾಗರ ಸಂಗ್ರಹಾಲಯ ಅದನ್ನು ಕೊಂಡುಕೊಂಡಿತು.

ನಾನು ಇಲ್ಲಿಂದ ಯಾಕೆ ಶುರು ಮಾಡಿದೆ ಅಂದರೆ, ಲಂಗರಿನ ಬಗ್ಗೆ ಮಾತು ಬಂದಾಗಲೆಲ್ಲ ನಾವು ಅಂಗಡಿಯಲ್ಲಿ ಸಿಗುವ ವಸ್ತುವಿನ ಬಗ್ಗೆ ಮಾತಾಡುತ್ತೇವೆ. ಅದನ್ನು ಒಮ್ಮೆ ಕೊಂಡರೆ ಮುಗಿಯಿತು. ಎಲ್ಲಿ ನಿಲ್ಲಬೇಕು, ಎಷ್ಟು ಚೈನ್ ಬಿಡಬೇಕು, ನಿಜವಾಗಿ ಕಚ್ಚಿದೆಯಾ, ಇನ್ನೂ ಇಲ್ಲೇ ಇರಬೇಕಾ, ಈ ತೀರ್ಮಾನಗಳನ್ನು ಮಾತ್ರ ಪ್ರತಿ ಸಂಜೆ ಹೊಸದಾಗಿ ಮಾಡಬೇಕು. ದೋಣಿ ಉಳಿಯುವುದು ಅವುಗಳಿಂದ.

ಮೊದಲು ಜಾಗ. ಗಾಳಿ ಈಗ ಎಲ್ಲಿಂದ ಬೀಸುತ್ತಿದೆ ಅನ್ನುವುದಕ್ಕಿಂತ ಬೆಳಗಿನ ಜಾವ ಎಲ್ಲಿಂದ ಬೀಸುತ್ತದೆ ಅನ್ನುವುದು ಮುಖ್ಯ. ನಮ್ಮ ಹತ್ತಿರದ ಸ್ಟಡ್‌ಲ್ಯಾಂಡ್ ಕೊಲ್ಲಿಯನ್ನೇ ತೆಗೆದುಕೊಳ್ಳಿ. ಇಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯ ಗಾಳಿ, ಅದಕ್ಕೆ ಸ್ಟಡ್‌ಲ್ಯಾಂಡ್ ಬಹಳ ಒಳ್ಳೆ ಆಸರೆ. ಗಾಳಿ ಪೂರ್ವಕ್ಕೆ ತಿರುಗಿತೋ, ಅದೇ ಕೊಲ್ಲಿಯಲ್ಲಿ ನಿಮ್ಮ ಹಿಂದೆ ದಡ, ಮುಂದೆ ತೆರೆದ ಸಮುದ್ರ. ಐಲ್ ಆಫ್ ವೈಟ್‌ನ ಓಸ್‌ಬೋರ್ನ್ ಕೊಲ್ಲಿ ದಕ್ಷಿಣದ ಗಾಳಿಗೆ ಸರಿ, ಉತ್ತರದ ಗಾಳಿಗೆ ಆಗಲ್ಲ. ಕರಾವಳಿಯಿಂದ ಬಂದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮರವಂತೆಯ ನೇರ ತೀರದ ಮುಂದೆ ಮಳೆಗಾಲದಲ್ಲಿ ಯಾರಾದರೂ ದೋಣಿ ನಿಲ್ಲಿಸುತ್ತಾರಾ? ಕಾರವಾರದಲ್ಲಿ ನಿಲ್ಲಿಸುತ್ತಾರೆ. ಅಲ್ಲಿ ದಕ್ಷಿಣಕ್ಕೆ ಗುಡ್ಡವಿದೆ, ಹೊರಗೆ ದ್ವೀಪಗಳಿವೆ. ಎರಡೂ ಕಡೆ ಅದೇ ಅರಬ್ಬೀ ಸಮುದ್ರ, ಅದೇ ಗಾಳಿ.

ಆಮೇಲೆ ನೆಲ. ಚಾರ್ಟಿನಲ್ಲಿ, ಅಂದರೆ ಸಮುದ್ರದ ನಕ್ಷೆಯಲ್ಲಿ, ಆಳದ ಅಂಕಿಗಳ ನಡುವೆ ಸಣ್ಣ ಅಕ್ಷರಗಳಿರುತ್ತವೆ. ಎಸ್ ಅಂದರೆ ಮರಳು, ಎಂ ಅಂದರೆ ಕೆಸರು, ಆರ್ ಅಂದರೆ ಬಂಡೆ, ಡಬ್ಲ್ಯೂಡಿ ಅಂದರೆ ಕಳೆ. ಹಿಂದಿನ ಕಾಲದ ನಾವಿಕರು ಆಳ ಅಳೆಯುವ ಸೀಸದ ಗುಂಡಿನ ತಳದಲ್ಲಿ ಒಂದು ಗುಳಿ ಮಾಡಿ, ಅದರಲ್ಲಿ ಕೊಬ್ಬು ಮೆತ್ತಿ ಇಳಿಸುತ್ತಿದ್ದರು. ಮೇಲೆ ಬಂದಾಗ ಅದಕ್ಕೆ ಅಂಟಿದ ಮರಳನ್ನೋ ಚಿಪ್ಪನ್ನೋ ನೋಡಿ ನೆಲ ಎಂಥದ್ದು ಅಂತ ತಿಳಿಯುತ್ತಿತ್ತು. ನಮಗೆ ಅಷ್ಟು ಕಷ್ಟ ಇಲ್ಲ, ಚಾರ್ಟ್ ಓದಿದರೆ ಸಾಕು. ಗಟ್ಟಿ ಮರಳು, ಜೇಡಿ ಕೆಸರು ಒಳ್ಳೆಯವು. ತೀರಾ ಮೆತ್ತಗಿನ ಕೆಸರಿನಲ್ಲಿ ಲಂಗರು ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಜಾರುತ್ತದೆ. ಕಳೆ ಎಲ್ಲಕ್ಕಿಂತ ಮೋಸದ್ದು. ಕಳೆಯ ಬೇರಿಗೆ ಲಂಗರು ಸಿಕ್ಕಿಕೊಂಡಾಗ ಗಟ್ಟಿಯಾಗಿ ಹಿಡಿದ ಹಾಗೇ ಅನಿಸುತ್ತದೆ. ನಡುರಾತ್ರಿ ಗಾಳಿ ಜಾಸ್ತಿಯಾದಾಗ ಬೇರು ಸಮೇತ ಕಿತ್ತು ಬರುತ್ತದೆ. ಆಮೇಲೆ ಲಂಗರಿನ ತುಂಬಾ ಕಳೆಯ ಮುದ್ದೆ, ಮತ್ತೆ ಕಚ್ಚಲು ಅದರ ಮೂತಿ ನೆಲಕ್ಕೆ ತಾಗುವುದೇ ಇಲ್ಲ.

ಕಳೆಯನ್ನು ಬಿಡಬೇಕಾದ್ದು ನಮಗಾಗಿ ಮಾತ್ರ ಅಲ್ಲ. ಸ್ಟಡ್‌ಲ್ಯಾಂಡ್‌ನ ಈಲ್‌ಗ್ರಾಸ್ ಅನ್ನುವ ಕಡಲ ಹುಲ್ಲಿನ ಹಾಸಿನಲ್ಲಿ ಕಡಲಕುದುರೆಗಳಿವೆ. 2021ರ ಡಿಸೆಂಬರ್‌ನಿಂದ ಅಲ್ಲಿ ಲಂಗರು ಹಾಕಬೇಡಿ ಅಂತ ಸ್ವಯಂಪ್ರೇರಿತ ವಲಯ ಗುರುತಿಸಿದ್ದಾರೆ. ಕಾನೂನಿನ ಬಲವಂತ ಇಲ್ಲ ಅಂತ ಅದರ ಮೇಲೆ ಲಂಗರು ಎಸೆಯುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಪಕ್ಕದಲ್ಲೇ ಬರೀ ಮರಳಿರುವ ಜಾಗ ಇದೆ, ಅಲ್ಲಿ ಲಂಗರೂ ಚೆನ್ನಾಗಿ ಕಚ್ಚುತ್ತದೆ.

ಈಗ ಚೈನಿಗೆ ಬರೋಣ. ನನ್ನ ಇವತ್ತಿನ ಮಾತಿನಲ್ಲಿ ಇದಕ್ಕೇ ಹೆಚ್ಚು ಸಮಯ ಕೊಡುತ್ತೇನೆ, ಯಾಕೆಂದರೆ ಹೆಚ್ಚಿನ ಲಂಗರುಗಳು ಕಿತ್ತು ಬರುವುದು ಇಲ್ಲಿಯ ಲೆಕ್ಕ ತಪ್ಪಿದಾಗ.

ಲಂಗರು ದೋಣಿಯನ್ನು ಹಿಡಿಯುವುದು ತನ್ನ ತೂಕದಿಂದ ಅಲ್ಲ. 15 ಕೆಜಿ ಕಬ್ಬಿಣ 5 ಟನ್ ದೋಣಿಯನ್ನು ತೂಕದಿಂದ ಹೇಗೆ ಹಿಡಿದೀತು? ಅದು ನೆಲದೊಳಗೆ ಹೂತುಕೊಳ್ಳುವುದರಿಂದ ಹಿಡಿಯುತ್ತದೆ. ಎಳೆತ ನೆಲಕ್ಕೆ ಸಮನಾಗಿದ್ದಷ್ಟೂ ಆಳಕ್ಕೆ ಹೋಗುತ್ತದೆ, ಎಳೆತ ಮೇಲ್ಮುಖ ಆದಷ್ಟೂ ಹೊರಗೆ ಬರುತ್ತದೆ. ಆ ಕೋನವನ್ನು ತೀರ್ಮಾನಿಸುವುದು ನೀವು ಬಿಟ್ಟ ಚೈನಿನ ಉದ್ದ. ಆಳದ ಮೂರು ಪಟ್ಟು ಬಿಟ್ಟು ಅದು ನೆಟ್ಟಗೆ ಬಿಗಿಯಾದರೆ ಎಳೆತದ ಕೋನ ಸುಮಾರು 19 ಡಿಗ್ರಿ. ಐದು ಪಟ್ಟಿಗೆ 11 ಡಿಗ್ರಿ ಚಿಲ್ಲರೆ. ಏಳು ಪಟ್ಟಿಗೆ 8.

"ಚೈನ್ ಭಾರ ಇರುತ್ತಲ್ಲ, ಅದು ನೆಲದ ಮೇಲೆ ಬಿದ್ದಿರುತ್ತೆ" ಅಂತ ಹೇಳುವವರಿದ್ದಾರೆ. ಒಂದು ಲೆಕ್ಕ ಮಾಡಿ ನೋಡೋಣ. 8 ಮಿಲಿಮೀಟರ್ ಚೈನ್ ಮೀಟರಿಗೆ ಸುಮಾರು 1.4 ಕೆಜಿ, ನೀರಿನೊಳಗೆ 1.2. ಆಳ 5 ಮೀಟರ್, ದೋಣಿಯ ಮುಂಭಾಗದಲ್ಲಿ ಚೈನ್ ಹೊರಗಿಳಿಯುವ ರೋಲರ್ ನೀರಿನಿಂದ 1 ಮೀಟರ್ ಮೇಲೆ, ಒಟ್ಟು 6. ನೀವು ಬಿಟ್ಟಿದ್ದು 30 ಮೀಟರ್, ಅಂದರೆ ಐದು ಪಟ್ಟು. ಈ ಚೈನಿನ ಕೊನೆಯ ಕೊಂಡಿ ನೆಲದಿಂದ ಎದ್ದೇಳಲು ಬೇಕಾದ ಎಳೆತ ಹೆಚ್ಚು ಕಡಿಮೆ 90 ಕೆಜಿ, ಅಷ್ಟೇ. ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್‌ನ ಕೋಷ್ಟಕ 30 ಅಡಿ ದೋಣಿಗೆ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಗಾಳಿಯಲ್ಲಿ ಸುಮಾರು 80 ಕೆಜಿ ಎಳೆತ ಹಿಡಿಯಿರಿ ಅನ್ನುತ್ತದೆ. 30 ನಾಟ್‌ಗೆ 320 ಕೆಜಿ. 42 ನಾಟ್‌ಗೆ 635. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ ಅನ್ನುವುದು ಈ ಅಂಕಿಗಳಲ್ಲೇ ಕಾಣುತ್ತದೆ. ಅಲೆಯ ಜಗ್ಗಾಟವನ್ನೂ ಸೇರಿಸಿ ಸ್ವಲ್ಪ ಧಾರಾಳವಾಗಿಯೇ ಹಾಕಿದ ಲೆಕ್ಕ ಅದು. ಆದರೂ ವಿಷಯ ಸ್ಪಷ್ಟ. ತಂಗಾಳಿಯಲ್ಲಿ ಚೈನಿನ ಭಾರ ನಿಮ್ಮನ್ನು ಕಾಯುತ್ತದೆ. ನಿಜವಾಗಿ ಬೇಕಾದ ರಾತ್ರಿಯಲ್ಲಿ ಚೈನ್ ತಂತಿಯ ಹಾಗೆ ಬಿಗಿದು ನಿಂತಿರುತ್ತದೆ. ಆಗ ನಿಮಗೆ ಉಳಿಯುವುದು ಉದ್ದ ಒಂದೇ.

ಉದ್ದವನ್ನು ಯಾವ ಆಳಕ್ಕೆ ಲೆಕ್ಕ ಹಾಕಬೇಕು? ಊರ ಕಡೆಯವರು ಇಲ್ಲಿ ಸ್ವಲ್ಪ ಗಮನ ಕೊಡಿ. ಕಾರವಾರ, ಮಂಗಳೂರಿನಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಕಡಿಮೆ. ಪೋರ್ಟ್ಸ್‌ಮತ್‌ನಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಸುಮಾರು 4 ಮೀಟರ್. ನೀವು ಇಳಿತದ ಹೊತ್ತಿಗೆ ಓಸ್‌ಬೋರ್ನ್ ಕೊಲ್ಲಿಗೆ ಬಂದಿರಿ, ಆಳ ಅಳೆಯುವ ಸಾಧನ 3 ಮೀಟರ್ ತೋರಿಸಿತು, ಐದು ಪಟ್ಟು ಅಂತ 15 ಮೀಟರ್ ಬಿಟ್ಟಿರಿ ಅಂದುಕೊಳ್ಳಿ. ಆರು ಗಂಟೆಯ ನಂತರ ಆಳ 7, ಅದಕ್ಕೆ ರೋಲರಿನ 1 ಸೇರಿದರೆ 8. ನಿಮ್ಮ ಐದು ಪಟ್ಟು ಈಗ ಎರಡು ಪಟ್ಟೂ ಇಲ್ಲ. ಯಾರೂ ಏನೂ ಮುಟ್ಟಿಲ್ಲ, ಗಾಳಿಯೂ ಏರಿಲ್ಲ, ಆದರೂ ಲಂಗರು ಎದ್ದು ಬರಬಹುದು. ಮೊದಲೇ 8 ಮೀಟರಿಗೆ ಲೆಕ್ಕ ಹಾಕಿದ್ದರೆ 40 ಮೀಟರ್ ಬಿಡುತ್ತಿದ್ದಿರಿ. ಪೂರ್ತಿ ಚೈನ್ ಇದ್ದರೆ ಐದು ಪಟ್ಟು, ಸ್ವಲ್ಪ ಚೈನ್ ಮತ್ತು ಉಳಿದದ್ದು ಹಗ್ಗ ಆದರೆ ಏಳು ಪಟ್ಟು, ಇದು ನಾನು ಪಾಲಿಸುವ ಲೆಕ್ಕ. ಗಾಳಿ ಏರುವ ಸೂಚನೆ ಇದ್ದರೆ, ಜಾಗ ಇದ್ದಷ್ಟು ಬಿಡಿ. ಚೈನ್ ಪೆಟ್ಟಿಗೆಯಲ್ಲಿ ಬಿದ್ದಿದ್ದರೆ ಯಾರಿಗೂ ಉಪಯೋಗ ಇಲ್ಲ.

ಜಾಗದ ಮಾತು ಬಂತು. 40 ಮೀಟರ್ ಚೈನ್, 9 ಮೀಟರ್ ದೋಣಿ ಅಂದರೆ ನೀವು ಸುತ್ತುವ ವೃತ್ತದ ತ್ರಿಜ್ಯ ಸುಮಾರು 50 ಮೀಟರ್. ಪಕ್ಕದ ದೋಣಿಯೂ ಹೀಗೇ ಸುತ್ತುತ್ತದೆ, ಆದರೆ ನಿಮ್ಮ ಜೊತೆಗೇ ಸುತ್ತುತ್ತದೆ ಅನ್ನುವ ಭರವಸೆ ಇಲ್ಲ. ಆಳದ ಕೀಲ್ (ತಳದಿಂದ ನೀರಿನೊಳಕ್ಕೆ ಇಳಿದ ರೆಕ್ಕೆ) ಇರುವ ಹಾಯಿದೋಣಿ ಪ್ರವಾಹದ ಮಾತು ಕೇಳುತ್ತದೆ, ಎತ್ತರದ ಮೋಟಾರ್ ದೋಣಿ ಗಾಳಿಯ ಮಾತು ಕೇಳುತ್ತದೆ. ಇನ್ನೊಂದು, ಮೊದಲು ಬಂದವರದ್ದೇ ಮೊದಲ ಹಕ್ಕು. ಅವರ ಹತ್ತಿರ ಹೋಗಿ "ಎಷ್ಟು ಚೈನ್ ಬಿಟ್ಟಿದ್ದೀರಿ?" ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಬಿಗಿದ ಚೈನಿಗೆ ಹಿಗ್ಗುವ ಗುಣ ಇಲ್ಲ. ಅದಕ್ಕೇ ಸ್ನಬ್ಬರ್ ಬೇಕು. 12 ಮಿಲಿಮೀಟರಿನ ನೈಲಾನ್ ಹಗ್ಗ, ಎಂಟು ಹತ್ತು ಮೀಟರ್ ಉದ್ದ. ಒಂದು ತುದಿಯನ್ನು ಚೈನಿಗೆ, ಇನ್ನೊಂದನ್ನು ಡೆಕ್ಕಿನ ಕ್ಲೀಟಿಗೆ (ಹಗ್ಗ ಕಟ್ಟುವ ಗೂಟಕ್ಕೆ) ಕಟ್ಟಿ, ಚೈನನ್ನು ಸ್ವಲ್ಪ ಸಡಿಲ ಬಿಡಿ. ಜಗ್ಗಾಟವನ್ನೆಲ್ಲ ನೈಲಾನ್ ನುಂಗಿಕೊಳ್ಳುತ್ತದೆ, ಚೈನ್ ಎತ್ತುವ ವಿಂಡ್‌ಲಾಸ್ ಯಂತ್ರದ ಮೇಲೆ ಭಾರ ಬೀಳಲ್ಲ. ಹಗ್ಗ ಉಜ್ಜುವ ಕಡೆ ಹಳೆಯ ಪೈಪಿನ ತುಂಡು ತೊಡಿಸಿ. ಇಷ್ಟಕ್ಕೆ ಹೆಚ್ಚು ದುಡ್ಡು ಬೇಕಿಲ್ಲ, ಆದರೆ ಎಷ್ಟೋ ದೋಣಿಗಳಲ್ಲಿ ಇರುವುದೇ ಇಲ್ಲ.

ಸರಿ, ನಿಮ್ಮ ಮೊದಲ ಪ್ರಶ್ನೆಗೆ ಬಂದೆ. ಇಲ್ಲಿ ಬಹಳ ಎಂಜಿನಿಯರುಗಳಿದ್ದೀರಿ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಜಿ. ಐ. ಟೇಲರ್ ಹೆಸರು ಗೊತ್ತೇ ಇರುತ್ತದೆ. ಕೇಂಬ್ರಿಜ್‌ನ ಆ ಭೌತವಿಜ್ಞಾನಿ ಹಾಯಿದೋಣಿಯ ಹುಚ್ಚಿನವರು. 1927ರಲ್ಲಿ ತಮ್ಮ 'ಫ್ರಾಲಿಕ್' ದೋಣಿಯಲ್ಲಿ ನಾರ್ವೆಯ ಲೊಫೋಟೆನ್ ದ್ವೀಪಗಳವರೆಗೆ ಹೋಗಿ ಬಂದರು. ಆಗಿನ ಭಾರವಾದ, ಎರಡು ಕೊಕ್ಕೆಯ ಲಂಗರನ್ನು ಸಣ್ಣ ದೋಣಿಯವರು ಎತ್ತಿ ಇಳಿಸುವ ಪಾಡು ಅವರಿಗೆ ಗೊತ್ತಿತ್ತು. ತೂಕ ಕಡಿಮೆ ಇದ್ದು ತಾನೇ ಹೂತುಕೊಳ್ಳುವ, ನೇಗಿಲಿನ ಆಕಾರದ ಲಂಗರನ್ನು ರೂಪಿಸಿ 1933ರಲ್ಲಿ ಪೇಟೆಂಟ್ ಪಡೆದರು. ಅದೇ ಸಿಕ್ಯೂಆರ್. ಮುಂದಿನ ಹಲವು ದಶಕ ಅರ್ಧ ಜಗತ್ತು ಅದರ ಮೇಲೇ ಮಲಗಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಡ್ಯಾನ್‌ಫೋರ್ತ್ ಬಂತು, ದಡಕ್ಕೆ ನುಗ್ಗಿದ ಸೈನ್ಯದ ದೋಣಿಗಳನ್ನು ಹಿಂದಕ್ಕೆ ಎಳೆಯಲು. 1970ರ ದಶಕದಲ್ಲಿ ತೈಲ ರಿಗ್ಗುಗಳ ಲಂಗರಿನಿಂದ ಬ್ರೂಸ್ ಬಂತು.

ಆದರೆ ಈಗ ಹೊಸದು ಕೊಳ್ಳುವವರಿಗೆ ಇವ್ಯಾವನ್ನೂ ಮೊದಲ ಲಂಗರಾಗಿ ನಾನು ಹೇಳಲ್ಲ. ಫ್ರಾನ್ಸಿನ ಸ್ಪೇಡ್, ನ್ಯೂಜಿಲೆಂಡಿನ ರೋಕ್ನಾ ಮತ್ತು ಮ್ಯಾನ್ಸನ್ ಸುಪ್ರೀಂ, ಅಮೆರಿಕದ ಮ್ಯಾಂಟಸ್, ಇವೆಲ್ಲ ಒಂದೇ ಆಲೋಚನೆಯ ಬೇರೆ ಬೇರೆ ರೂಪ. ಮೂತಿ ಚೂಪು, ನೆಲದೊಳಗೆ ಹೂತುಕೊಳ್ಳುವ ಅಲಗಿನ ನಡು ಸ್ವಲ್ಪ ತಗ್ಗು. ಕೆಲವಕ್ಕೆ ಮೇಲೆ ಒಂದು ಬಳೆ, ಲಂಗರು ಮಗುಚಿ ಬಿದ್ದರೂ ಸರಿಯಾಗಿ ಹೊರಳಲಿ ಅಂತ. ಹಳೆಯ ನೇಗಿಲು ಗಟ್ಟಿ ಮರಳಿನಲ್ಲಿ ಕೆಲವೊಮ್ಮೆ ಉಳುತ್ತಲೇ ಹೋಗುತ್ತದೆ. ಇವು ಬೇಗ ಕಚ್ಚುತ್ತವೆ, ಗಾಳಿ ತಿರುಗಿದರೆ ಮತ್ತೆ ಕಚ್ಚುತ್ತವೆ. ಇವುಗಳಲ್ಲಿ ಯಾವುದು ಅನ್ನುವುದಕ್ಕಿಂತ ನಿಮ್ಮ ರೋಲರಿನಲ್ಲಿ ಯಾವುದು ಸರಿಯಾಗಿ ಕೂರುತ್ತದೆ ಅಂತ ನೋಡಿ. ತಯಾರಕರ ಕೋಷ್ಟಕದಲ್ಲಿ ನಿಮ್ಮ ದೋಣಿಗೆ ಹೇಳಿದ್ದಕ್ಕಿಂತ ಒಂದು ಅಳತೆ ದೊಡ್ಡದು ಕೊಳ್ಳಿ. ಆ ಮೂರ್ನಾಲ್ಕು ಕೆಜಿಯನ್ನು ನೀವು ಬೇಡ ಅಂದುಕೊಳ್ಳುವ ರಾತ್ರಿ ಬರಲಿಕ್ಕಿಲ್ಲ.

ಎರಡನೇ ಲಂಗರು ಬೇರೆ ಜಾತಿಯದ್ದಿರಲಿ. ಅಲ್ಯೂಮಿನಿಯಂನ ಫೋರ್ಟ್ರೆಸ್ ನನಗೆ ಇಷ್ಟ. ಅದರ ಎಫ್‌ಎಕ್ಸ್-16 ನಾಲ್ಕೂವರೆ ಕೆಜಿ ಮಾತ್ರ, ಬಿಚ್ಚಿ ಚೀಲದಲ್ಲಿ ಇಡಬಹುದು, ಮೆತ್ತಗಿನ ಕೆಸರಿಗೆ ರೆಕ್ಕೆಯ ಕೋನವನ್ನು 32 ಡಿಗ್ರಿಯಿಂದ 45ಕ್ಕೆ ಬದಲಿಸಬಹುದು. ಒಂದೇ ದಿಕ್ಕಿನ ಎಳೆತಕ್ಕೆ ಅದು ಬಹಳ ಗಟ್ಟಿ. ಆದರೆ ಪ್ರವಾಹ ತಿರುಗಿ ದೋಣಿ ಸುತ್ತಿದಾಗ ಚೈನ್ ಅದರ ಅಡ್ಡ ಕಂಬಿಗೆ ಸಿಕ್ಕಿ ಕಿತ್ತು ಬರಬಹುದು. ಅದಕ್ಕೇ ಎರಡನೆಯದು ಅಂದೆ.

ಲಂಗರನ್ನೂ ಚೈನನ್ನೂ ಸೇರಿಸುವ ಕೊಂಡಿ, ಶ್ಯಾಕಲ್, ಅದನ್ನು ಮರೆಯಬೇಡಿ. ಅದರ ಪಿನ್ ತಿರುಗಿ ಬಿಚ್ಚಿಕೊಳ್ಳದ ಹಾಗೆ ತಂತಿ ಸುತ್ತಿ. ವರ್ಷಕ್ಕೊಮ್ಮೆ ಕೈಯಲ್ಲಿ ಹಿಡಿದು ನೋಡಿ.

ಈಗ ಲಂಗರು ಹಾಕುವ ಕೆಲಸ. ಗಾಳಿಗೆ ಎದುರಾಗಿ ಬಂದು ದೋಣಿಯನ್ನು ಪೂರ್ತಿ ನಿಲ್ಲಿಸಿ. ಲಂಗರನ್ನು ಎಸೆಯಬೇಡಿ, ಇಳಿಸಿ. ನೆಲ ಮುಟ್ಟಿದ ಮೇಲೆ ದೋಣಿ ಹಿಂದೆ ಸರಿದಷ್ಟೇ ಚೈನ್ ಬಿಡುತ್ತಾ ಹೋಗಿ. ಒಂದೇ ಸಲ ಸುರಿದರೆ ಚೈನ್ ಲಂಗರಿನ ಮೇಲೆ ಗುಡ್ಡೆಯಾಗಿ ಬಿದ್ದು ಸುತ್ತಿಕೊಳ್ಳುತ್ತದೆ. ಮೂರು ಪಟ್ಟು ಆದಾಗ ಒಮ್ಮೆ ಹಿಡಿದು, ಮೂತಿ ಕಚ್ಚಲು ಬಿಡಿ. ಆಮೇಲೆ ಉಳಿದದ್ದನ್ನು ಬಿಟ್ಟು, ರಿವರ್ಸ್ ಹಾಕಿ, ಎಂಜಿನ್ ಸ್ವಲ್ಪ ಸ್ವಲ್ಪವೇ ಏರಿಸಿ. ಕೊನೆಗೆ ಒಂದು ನಿಮಿಷ ಚೆನ್ನಾಗಿ ಎಳೆಯಿರಿ.

ಆ ಒಂದು ನಿಮಿಷದಲ್ಲಿ ಎರಡು ಕೆಲಸ. ಪಕ್ಕಕ್ಕೆ ನೋಡಿ, ದಡದ ಮೇಲೆ ಒಂದರ ಹಿಂದೆ ಒಂದು ಇರುವ ಎರಡು ಗುರುತು ಹಿಡಿಯಿರಿ. ಒಂದು ಮರ, ಅದರ ಹಿಂದೆ ಒಂದು ಹೊಗೆಗೂಡು. ಅವೆರಡೂ ಒಂದೇ ಸಾಲಿನಲ್ಲಿ ಉಳಿದರೆ ದೋಣಿ ಕದಲುತ್ತಿಲ್ಲ. ಇನ್ನೊಂದು, ರೋಲರಿನ ಮುಂದೆ ಬಿಗಿದಿರುವ ಚೈನಿನ ಮೇಲೆ ಅಂಗೈ ಇಡಿ, ಬೆರಳು ಸುತ್ತಬೇಡಿ. ಲಂಗರು ಕಚ್ಚಿದ್ದರೆ ಚೈನ್ ಬಿಗಿಯಾಗಿ ಸುಮ್ನೆ ಇರುತ್ತದೆ. ಜಾರುತ್ತಿದ್ದರೆ ಗಡಗಡ ಅಂತ ಸಣ್ಣ ನಡುಕ ಕೈಗೆ ಬರುತ್ತದೆ, ಮಧ್ಯೆ ಒಮ್ಮೊಮ್ಮೆ ಹಿಡಿದು, ಮತ್ತೆ ಬಿಟ್ಟ ಹಾಗೆ. ಆ ನಡುಕ ಬಂದರೆ ಎತ್ತಿ ಮತ್ತೆ ಹಾಕಿ. ಊಟ ತಣ್ಣಗಾಗಲಿ, ಪಕ್ಕದ ದೋಣಿಯವರು ನೋಡಲಿ, ಪರವಾಗಿಲ್ಲ. ಎತ್ತಿದಾಗ ಲಂಗರನ್ನು ಗಮನಿಸಿ. ಮೂತಿಗೆ ಕೆಸರು ಗಟ್ಟಿಯಾಗಿ ಮೆತ್ತಿದ್ದರೆ ನೆಲ ಒಳ್ಳೇದು, ಇನ್ನೊಂದು ಸಲ ಪ್ರಯತ್ನಿಸಿ. ಕಳೆ ಬಂದರೆ ಜಾಗ ಬದಲಿಸಿ.

ಲಂಗರು ಹಾಕಿದ್ದೇವೆ ಅನ್ನುವುದಕ್ಕೆ ಹಗಲಲ್ಲಿ ಏರಿಸಿದ ಕಪ್ಪು ಚೆಂಡನ್ನು ಕತ್ತಲಾಗುವ ಮೊದಲು ಇಳಿಸಿ, ಎಲ್ಲ ಕಡೆ ಕಾಣುವ ಬಿಳಿ ದೀಪ ಹಚ್ಚಿ. ಹಾಗೇ ಹೊರಗೆ ಹೋಗುವ ದಾರಿಯನ್ನು ದಿಕ್ಸೂಚಿಯ ಡಿಗ್ರಿಯಲ್ಲಿ ಬರೆದಿಡಿ. ಮಳೆ, ಕತ್ತಲು, ಅಲೆಯ ನಡುವೆ ಎಚ್ಚರವಾದಾಗ ಅದನ್ನು ಯೋಚಿಸಲು ತಲೆ ಓಡುವುದಿಲ್ಲ. ಗಾಳಿ ತೆರೆದ ಕಡೆಗೆ ತಿರುಗುತ್ತದೆ ಅಂತ ಮುನ್ಸೂಚನೆ ಇದ್ದರೆ ಬೆಳಕಿರುವಾಗಲೇ ಹೊರಡಿ. ಕಾಬೊದಲ್ಲಿ ಅಲೆ ಎದ್ದ ಮೇಲೆ ಹೊರಡಲು ದಾರಿ ಇರಲಿಲ್ಲ. ಎಂಥ ಹೊಸ ಲಂಗರು ಇದ್ದರೂ ನಾನು ಅಂಥ ಕೊಲ್ಲಿಯಲ್ಲಿ ರಾತ್ರಿ ಉಳಿಯುವುದಿಲ್ಲ.

ಪ್ರಶ್ನೆಗಳು

ದೋಣಿ ಜಾಗ ಬಿಟ್ಟು ಸರಿದರೆ ಕೂಗುವ ಫೋನಿನ ಲಂಗರು ಅಲಾರಂ ನಂಬಬಹುದಾ?

ಬಳಸಿ, ನಾನೂ ಬಳಸುತ್ತೇನೆ. ಆದರೆ ಅದರ ವೃತ್ತದ ಕೇಂದ್ರವನ್ನು ಲಂಗರು ನೆಲ ಮುಟ್ಟಿದ ಜಾಗದಲ್ಲಿ ಗುರುತಿಸಬೇಕು. ಬಹಳ ಜನ ಎಲ್ಲ ಮುಗಿದ ಮೇಲೆ, ದೋಣಿ 40 ಮೀಟರ್ ಹಿಂದೆ ಬಂದಾಗ ಒತ್ತುತ್ತಾರೆ. ಗಾಳಿ ತಿರುಗಿದಾಗ ಅದು ಸುಮ್ನೆ ಕೂಗುತ್ತದೆ, ಎರಡು ಸಲ ಕೂಗಿದರೆ ಮೂರನೇ ಸಲ ಆಫ್ ಮಾಡಿ ಮಲಗುತ್ತಾರೆ. ಚಾರ್ಜರಿಗೆ ಹಾಕಿಡಿ.

ಗಾಳಿ ಜೋರಿದ್ದರೆ ಎರಡು ಲಂಗರು ಹಾಕಬೇಕಾ?

ಗಾಳಿಯ ದಿಕ್ಕು ಸ್ಥಿರವಾಗಿದ್ದರೆ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಎರಡು ಹಾಕುವುದರಿಂದ ಲಾಭ ಇದೆ. ಪ್ರವಾಹ ತಿರುಗುವ ಕಡೆ ಎರಡೂ ಹೆಣೆದುಕೊಳ್ಳುತ್ತವೆ, ತುರ್ತಾಗಿ ಹೊರಡಬೇಕಾದಾಗ ಬಿಡಿಸಲು ಆಗಲ್ಲ. ಒಂದೇ ದೊಡ್ಡ ಲಂಗರು, ಉದ್ದದ ಚೈನ್, ಇದು ನನ್ನ ಆಯ್ಕೆ.

ಲಂಗರು ಬಂಡೆಗೋ ಹಳೆಯ ಚೈನಿಗೋ ಸಿಕ್ಕಿ ಮೇಲೆ ಬರದಿದ್ದರೆ?

ಚೈನ್ ನೇರ ಕೆಳಗೆ ಇಳಿಯುವಷ್ಟು ಎಳೆದು, ಕ್ಲೀಟಿಗೆ ಕಟ್ಟಿ, ಅಲೆಗೆ ದೋಣಿ ಎದ್ದಾಗ ಅದೇ ಕಿತ್ತು ಕೊಡುತ್ತದಾ ನೋಡಿ. ಆಗದಿದ್ದರೆ ಚೈನ್ ಸ್ವಲ್ಪ ಬಿಟ್ಟು, ಮೊದಲು ಎಳೆದ ದಿಕ್ಕಿಗೆ ವಿರುದ್ಧವಾಗಿ ನಿಧಾನ ಎಳೆಯಿರಿ. ಗಲೀಜು ನೆಲ ಅಂತ ಮೊದಲೇ ಗೊತ್ತಿದ್ದರೆ ಲಂಗರಿನ ತಲೆಗೆ ಬೇರೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಗೆ ತೇಲುವ ಬುರುಡೆ (ಬೋಯ್) ಕಟ್ಟಿ ಬಿಡಿ, ಅದರಿಂದ ಹಿಂದಕ್ಕೆ ಎಳೆದು ಬಿಡಿಸಬಹುದು. ಏನೂ ಆಗದೆ ಗಾಳಿಯೂ ಏರುತ್ತಿದ್ದರೆ ಬಿಟ್ಟು ಹೊರಡಿ. ಅದಕ್ಕೇ ಚೈನಿನ ಕೊನೆಯ ತುದಿಯನ್ನು ದೋಣಿಗೆ ಶ್ಯಾಕಲ್‌ನಿಂದ ಬಿಗಿಯಬಾರದು, ಡೆಕ್ಕಿನವರೆಗೆ ಬರುವಷ್ಟು ಉದ್ದದ ಹಗ್ಗದಿಂದ ಕಟ್ಟಿರಬೇಕು, ಚಾಕುವಿನಿಂದ ಕತ್ತರಿಸಲು ಬರುವ ಹಾಗೆ. ಕತ್ತರಿಸುವ ಮೊದಲು ಆಳಕ್ಕಿಂತ ಉದ್ದದ ಹಗ್ಗದಲ್ಲಿ ಒಂದು ಫೆಂಡರನ್ನು (ದೋಣಿಯ ಪಕ್ಕಕ್ಕೆ ಕಟ್ಟುವ, ತೇಲುವ ಉರುಳೆಯನ್ನು) ಚೈನಿಗೆ ಕಟ್ಟಿ ನೀರಿಗೆ ಹಾಕಿ, ಸ್ಥಾನ ಬರೆದುಕೊಳ್ಳಿ. ಸಮುದ್ರ ಇಳಿದ ಮೇಲೆ ಬಂದು ತೆಗೆಯಬಹುದು. ಅಲ್ಲಿಯವರೆಗೆ ಇನ್ನೊಂದು ಕೊಲ್ಲಿಯಲ್ಲಿ ಎರಡನೇ ಲಂಗರು ಹಾಕಿಕೊಂಡು ಇರಿ.